ಟರ್ಬೋಚಾರ್ಜರ್ ಮರುಜೋಡಣೆ: ಮೊದಲು ಆಯಿಲ್, ನಂತರ ಚಾಲನೆ

ವ್ಯಾಪಾರದ ಓಡಾಟಕ್ಕೂ ಸರಕು ಸಾಗಣೆಗೂ ನಮ್ಮ ವರ್ತಕರು ಬಳಸುವ ಡೀಸೆಲ್ ವಾಹನಗಳಲ್ಲಿ ಇಂದು ಟರ್ಬೋಚಾರ್ಜರ್ ಇಲ್ಲದವು ವಿರಳ. ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿಯೂ ಇದನ್ನು ಅಳವಡಿಸಲಾಗುತ್ತಿದೆ. ಇದು ಕೆಟ್ಟಾಗ ದುರಸ್ತಿಯ ಖರ್ಚು ಒಂದೆಡೆಯಾದರೆ, ವಾಹನ ನಿಂತ ದಿನಗಳ ನಷ್ಟ ಇನ್ನೊಂದೆಡೆ. ಹೊಸ ಟರ್ಬೋ ಜೋಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ಕೆಟ್ಟರೆ ಬಿಡಿಭಾಗದ ಗುಣಮಟ್ಟವನ್ನು ದೂರುವುದು ಸಹಜ. ಆದರೆ ದೋಷವು ಜೋಡಣೆಯ ಕೊನೆಯ ಹಂತದಲ್ಲಿ, ಅಂದರೆ ಟರ್ಬೋಗೆ ಆಯಿಲ್ ತುಂಬಿಸದೆಯೇ ಎಂಜಿನ್ ಚಾಲೂ ಮಾಡಿದುದರಲ್ಲಿ ಇರುವ ಸಂಭವವೂ ಉಂಟು.

ಆಯಿಲ್ ಏಕೆ ಅವಶ್ಯ?

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ಸಾಧನದ ತತ್ತ್ವ ಸರಳವಾದುದು. ಎಂಜಿನ್‌ನಿಂದ ಹೊರಬರುವ ಬಿಸಿ ಅನಿಲವು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಮತ್ತೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವು ಗಾಳಿಯನ್ನು ಒತ್ತಿ ಎಂಜಿನ್‌ಗೆ ಕಳುಹಿಸುತ್ತದೆ. ಕಾರಿನ ಟರ್ಬೋ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಸಾಮಾನ್ಯ ಮಾದರಿಗಳಲ್ಲಿ ಈ ಶಾಫ್ಟ್ ಬೇರಿಂಗಿಗೆ ತಾಗದೆ, ಆಯಿಲಿನ ತೆಳುವಾದ ಪದರದ ಮೇಲೆ ತೇಲುತ್ತಿರುತ್ತದೆ. ಬೇರಿಂಗಿನ ಶಾಖವನ್ನು ಹೊರಗೊಯ್ಯುವುದೂ ಇದೇ ಆಯಿಲ್. ಟರ್ಬೋ ಬಿಚ್ಚಿದಾಗ ಪೈಪು ಮತ್ತು ಬೇರಿಂಗ್ ಬರಿದಾಗುತ್ತವೆ. ಪುನಃ ಜೋಡಿಸಿ ಒಮ್ಮೆಲೇ ಚಾಲೂ ಮಾಡಿದರೆ, ಆಯಿಲ್ ಬಂದು ತಲುಪುವ ಮೊದಲ ಕೆಲವು ಕ್ಷಣಗಳಲ್ಲಿಯೇ ಲೋಹಕ್ಕೆ ಲೋಹ ಉಜ್ಜಿ ಹಾನಿ ಸಂಭವಿಸುತ್ತದೆ.

ಅನುಸರಿಸಬೇಕಾದ ಕ್ರಮ

1. ಎಂಜಿನ್ ಆಯಿಲ್ ಹಾಗೂ ಫಿಲ್ಟರನ್ನು ಬದಲಾಯಿಸಬೇಕು.

2. ಟರ್ಬೋಗೆ ಆಯಿಲ್ ತರುವ ಪೈಪಿನಲ್ಲಿ ಕರಿ ಕಟ್ಟಿದ್ದರೆ ಸ್ವಚ್ಛಗೊಳಿಸಬೇಕು ಅಥವಾ ಹೊಸದನ್ನು ಹಾಕಬೇಕು. ಆಯಿಲ್ ಹಿಂತಿರುಗುವ ಪೈಪು ಎಲ್ಲಿಯೂ ಮಡಿಚಿರಬಾರದು.

3. ಹೊಸ ಗ್ಯಾಸ್ಕೆಟ್ ಬಳಸಬೇಕು. ಆಯಿಲ್ ಒಳಹೋಗುವ ಜಾಗಕ್ಕೆ ಸೀಲಂಟ್ ಹಚ್ಚಬಾರದು. ಅದರ ತುಣುಕು ಕಿರಿದಾದ ರಂಧ್ರವನ್ನು ಮುಚ್ಚಬಹುದು.

4. ಪೈಪು ಜೋಡಿಸುವ ಮುನ್ನ ಟರ್ಬೋದ ಆಯಿಲ್ ರಂಧ್ರಕ್ಕೆ ಶುದ್ಧ ಎಂಜಿನ್ ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತಾ, ಕಂಪ್ರೆಸರ್ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು.

5. ತಯಾರಕರ ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲಿ ಇಂಧನ ಪೂರೈಕೆಯನ್ನು ತಡೆದು, ಎಂಜಿನ್ ಚಾಲೂ ಆಗದಂತೆ ಸ್ಟಾರ್ಟರ್ ಮಾತ್ರ ತಿರುಗಿಸಬೇಕು. ಒಂದು ಬಾರಿಗೆ 10ರಿಂದ 15 ಸೆಕೆಂಡು ಸಾಕು. ನಡುವೆ ಸ್ಟಾರ್ಟರಿಗೆ ಬಿಡುವು ಕೊಡಬೇಕು. ಆಯಿಲ್ ಒತ್ತಡದ ದೀಪ ಆರಿದರಷ್ಟೇ ಸಾಲದು. ಹಿಂತಿರುಗುವ ಪೈಪನ್ನು ಸಡಿಲಿಸಿ, ಟರ್ಬೋದಿಂದ ಆಯಿಲ್ ಹೊರಬರುವುದನ್ನು ಕಣ್ಣಾರೆ ನೋಡುವುದು ಉತ್ತಮ.

6. ಪೈಪುಗಳನ್ನು ಬಿಗಿಗೊಳಿಸಿ ಎಂಜಿನ್ ಚಾಲೂ ಮಾಡಿದ ಬಳಿಕ ಎರಡು ಮೂರು ನಿಮಿಷ ಆಕ್ಸಿಲರೇಟರ್ ಒತ್ತದೆ ನಿಧಾನಗತಿಯಲ್ಲಿಯೇ ಬಿಡಬೇಕು. ಸೋರಿಕೆ ಪರೀಕ್ಷಿಸಿ, ಕೊನೆಯಲ್ಲಿ ಆಯಿಲ್ ಮಟ್ಟವನ್ನು ನೋಡಬೇಕು.

ಹಳೆಯ ಟರ್ಬೋ ಕೆಟ್ಟ ಕಾರಣವನ್ನು ಕಂಡುಹಿಡಿಯದೆ ಹೊಸದನ್ನು ಹಾಕುವುದೂ ವ್ಯರ್ಥ. ಮುರಿದ ಚಕ್ರದ ಚೂರುಗಳು ಗಾಳಿಯ ಕೊಳವೆಯಲ್ಲಿ ಉಳಿದಿದ್ದರೆ ಅವು ಎಂಜಿನ್‌ಗೇ ಅಪಾಯಕಾರಿ.

ವ್ಯವಹಾರದ ದೃಷ್ಟಿಯಿಂದ

ಆಯಿಲ್ ಇಲ್ಲದೆ ತಿರುಗಿದ ಶಾಫ್ಟ್ ಕಾವಿನಿಂದ ನೀಲಿಗಟ್ಟುತ್ತದೆ, ಬೇರಿಂಗ್ ಸವೆಯುತ್ತದೆ. ಬಿಚ್ಚಿ ನೋಡಿದ ತಯಾರಕರಿಗೆ ಇದು ಸ್ಪಷ್ಟವಾಗಿ ಕಾಣುವುದರಿಂದ ಅವರು ವಾರಂಟಿಯನ್ನು ನಿರಾಕರಿಸಬಹುದು. ಆಗ ನಷ್ಟ ಯಾರದೆಂಬ ವಿವಾದವು ಮಾಲೀಕರು, ಗ್ಯಾರೇಜು ಹಾಗೂ ಬಿಡಿಭಾಗದ ವರ್ತಕರ ನಡುವೆ ಉಳಿಯುತ್ತದೆ. ಆದ್ದರಿಂದ ಆಯಿಲ್, ಫಿಲ್ಟರ್ ಬದಲಾಯಿಸಿದುದನ್ನೂ ಟರ್ಬೋಗೆ ಆಯಿಲ್ ತುಂಬಿಸಿದುದನ್ನೂ ಬಿಲ್ಲಿನಲ್ಲಿ ನಮೂದಿಸುವಂತೆ ಮಾಲೀಕರು ಕೇಳಬೇಕು. ಟರ್ಬೋ ಮಾರುವ ವರ್ತಕರು ಈ ಕ್ರಮವನ್ನು ಕನ್ನಡದಲ್ಲಿ ಮುದ್ರಿಸಿ ಪೆಟ್ಟಿಗೆಯೊಡನೆ ಕೊಟ್ಟರೆ ಉಭಯತರಿಗೂ ಹಿತ.

ಸಣ್ಣ ಕಾರ್ಖಾನೆಗಳ ಟರ್ಬೋ ಅಳವಡಿಸಿದ ಡೀಸೆಲ್ ಜನರೇಟರುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅರ್ಧ ಗಂಟೆಯ ತಾಳ್ಮೆ ಹಾಗೂ ಕೆಲವು ಚಮಚ ಆಯಿಲ್, ಸಾವಿರಾರು ರೂಪಾಯಿಗಳ ನಷ್ಟವನ್ನು ತಪ್ಪಿಸಬಲ್ಲವು.