ಸಿಆರ್‌ಒ ಪರದೆಯ ಅಲೆಗೆ ಸಮೀಕರಣ ಬರೆಯೋದು

ಪಿಯುಸಿಯಲ್ಲಿ ಸೈನ್ ಸಮೀಕರಣ ಕೊಟ್ಟು ಗ್ರಾಫ್ ಬರೀರಿ ಅಂತಿದ್ರು. ಲ್ಯಾಬ್‌ನಲ್ಲಿ ಉಲ್ಟಾ. ಸಿಆರ್‌ಒ ಪರದೆ ಮೇಲೆ ಅಲೆ ಇರುತ್ತೆ, ಸಮೀಕರಣ ನಾವು ಬರೀಬೇಕು. ಹೋದ ಸೆಮಿಸ್ಟರ್ ವೈವಾದಲ್ಲಿ ನಾನು ಮಾರ್ಕ್ಸ್ ಕಳ್ಕೊಂಡಿದ್ದು ಇದ್ರಲ್ಲೇ.

ಟೇಬಲ್ ಮೇಲಿದ್ದದ್ದು 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ಪರದೆಯಲ್ಲಿ ಒಂದು ಚೌಕದ ಎತ್ತರ 5 ವೋಲ್ಟ್, ಅಗಲ 5 ಮಿಲಿಸೆಕೆಂಡ್. ಎಡ ಅಂಚನ್ನ ಟಿ = 0 ಅಂತ ಇಟ್ಕೊಂಡಿದ್ವಿ.

ಮೊದಲು ಮಧ್ಯದ ಗೆರೆ ಹುಡುಕಿ. ಅಲೆ ಮೇಲಕ್ಕೆ 3.4 ಚೌಕ, ಕೆಳಕ್ಕೂ 3.4 ಚೌಕ ಹೋಗಿತ್ತು, ಹಾಗಾಗಿ ಮಧ್ಯ ಸೊನ್ನೆ. (ತುದಿ 5 ವೋಲ್ಟ್, ತಗ್ಗು 1 ವೋಲ್ಟ್ ಇದ್ದಿದ್ರೆ ಮಧ್ಯ 3. ಅದನ್ನ ಕೊನೆಗೆ ಕೂಡಿಸಬೇಕಿತ್ತು.) ಮಧ್ಯದಿಂದ ತುದಿಯವರೆಗಿನ ಎತ್ತರವೇ ಆಂಪ್ಲಿಟ್ಯೂಡ್: 3.4 × 5 = 17 ವೋಲ್ಟ್. ತಗ್ಗಿನಿಂದ ತುದಿಗೆ ಅಳೆದು 34 ಅಂತ ಬರೆಯೋರು ಇರ್ತಾರೆ, ಹಾಗೆ ಮಾಡ್ಬೇಡಿ. ಮಲ್ಟಿಮೀಟರ್ 12 ತೋರಿಸ್ತಿದೆಯಲ್ಲ ಅಂತ ಗಾಬರಿಯೂ ಬೇಡ, ಅದು ಆರ್‌ಎಂಎಸ್ ಬೆಲೆ. 17ನ್ನು 1.414ರಿಂದ ಭಾಗಿಸಿ ನೋಡಿ.

ಒಂದು ಪೂರ್ತಿ ಅಲೆಗೆ 4 ಚೌಕ, ಅಂದ್ರೆ 20 ಮಿಲಿಸೆಕೆಂಡ್. ನಮ್ಮ ಲೈನಿನ 50 ಹರ್ಟ್ಸ್ ಇದೇ. 2ಪೈಯನ್ನು 0.02ರಿಂದ ಭಾಗಿಸಿದ್ರೆ 100ಪೈ.

ನಾನು ಎಡವಿದ್ದು ಫೇಸ್‌ನಲ್ಲಿ. ಬರೀ ಸೈನ್ ಆದ್ರೆ ಟಿ = 0ಯಲ್ಲೇ ಮಧ್ಯದ ಗೆರೆ ದಾಟಿ ಮೇಲೆ ಹತ್ತುತ್ತೆ. ನಮ್ಮದು ಹತ್ತುತ್ತಾ ಗೆರೆ ದಾಟಿದ್ದು ಅರ್ಧ ಚೌಕ ಬಲಕ್ಕೆ, 2.5 ಮಿಲಿಸೆಕೆಂಡ್ ತಡವಾಗಿ. ಇಳಿಯುವಾಗ ದಾಟಿದ ಜಾಗ ಹಿಡಿದ್ರೆ ಇಡೀ ಅಲೆ ತಲೆಕೆಳಗಾಗುತ್ತೆ. ಬಲಕ್ಕೆ ಸರಿದಿದ್ರೆ ಕಳೀಬೇಕು:

ವಿ = 17 ಸೈನ್ [100ಪೈ (ಟಿ − 0.0025)]
ವಿ = 17 ಸೈನ್ (100ಪೈ ಟಿ − ಪೈ/4)

ನಾನು ಬರೆದದ್ದು 100ಪೈ (ಟಿ − ಪೈ/4). ಆ ಬ್ರಾಕೆಟ್ ಒಳಗೆ ಟಿ ಜೊತೆ ಕೂರಬೇಕಾದ್ದು ಸೆಕೆಂಡು, ಕೋನ ಅಲ್ಲ. "ಸೆಕೆಂಡಿಂದ ಕೋನ ಕಳೆಯೋಕಾಗುತ್ತೇನಪ್ಪ?" ಅಂತ ಮೇಡಂ ಕೇಳಿದಾಗ ಪರದೆ ನೋಡ್ತಾ ನಿಂತಿದ್ದೆ.

ಪಕ್ಕದ ಟೇಬಲ್‌ನವನು 17 ಕೊಸೈನ್ (100ಪೈ ಟಿ − 3ಪೈ/4) ಅಂತ ಬರೆದಿದ್ದ, ಅದೂ ಸರಿಯೇ. ಕೊಸೈನ್ ಶುರುವಾಗೋದು ತುದಿಯಿಂದ, ಅವನು ತುದಿ ಇರೋ 7.5 ಮಿಲಿಸೆಕೆಂಡ್ ಹಿಡಿದಿದ್ದ. ನಿಮ್ಮ ಉತ್ತರದಲ್ಲೂ ಟಿ = 0.0075 ಹಾಕಿ, 17 ಬರುತ್ತಾ ನೋಡಿ, ಆಮೇಲೆ ರೆಕಾರ್ಡ್ ಕೊಡಿ.