ಗಡಿಯಾರ ನಿಧಾನ, ಆಟ ಚುರುಕು!

ಎರಡು ಗ್ರಾಫಿಕ್ಸ್ ಕಾರ್ಡು, ಹೆಸರು ಒಂದೇ: ಜಿಟಿಎಕ್ಸ್ 1650. ಎರಡರಲ್ಲೂ ಲೆಕ್ಕ ಮಾಡುವ 896 ಕೋರ್, ಎರಡರಲ್ಲೂ 4 ಜಿಬಿ ಮೆಮೊರಿ. 2019ರಲ್ಲಿ ಬಂದದ್ದರ ಬೂಸ್ಟ್ ಕ್ಲಾಕ್ 1,665 ಮೆಗಾಹರ್ಟ್ಸ್, 2020ರಲ್ಲಿ ಬಂದದ್ದರದು 1,590. ಯಾವುದು ಚುರುಕು ಹೇಳಿ? ನಿಧಾನದ್ದು! ಕಡೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಇವೆರಡನ್ನೂ ಒಂದೇ ಮೆಷಿನ್ನಿಗೆ ಒಂದಾದ ಮೇಲೊಂದು ಹಾಕಿ, ಒಂದೇ ಆಟವನ್ನು ಓಡಿಸಿ ತೋರಿಸಿದರು. ಕ್ಲಾಕ್ ಕಡಿಮೆ ಇರುವ ಕಾರ್ಡು ಸೆಕೆಂಡಿಗೆ ತೋರಿಸುವ ಫ್ರೇಮುಗಳಲ್ಲಿ ಮುಂದೆ ಹೋಯಿತು. ಪರದೆಯ ಮೂಲೆಯಲ್ಲಿ ಓಡುವ ಹಸಿರು ಅಂಕಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. "ಗಿಗಾಹರ್ಟ್ಸ್ ನೋಡಿ ತಗೊಂಡ್ರೆ ಕೆಟ್ಟಿರಿ ಸಾರ್," ಎಂದ ಅಂಗಡಿಯ ಹುಡುಗ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ಫ್ಯಾನು ಬಿಚ್ಚಿ, ಹೀಟ್‌ಸಿಂಕ್ ಎಬ್ಬಿಸಿ, ಒಣಗಿದ ಪೇಸ್ಟ್ ಒರೆಸಿದ. ನಡುವೆ ಕನ್ನಡಿಯಂತೆ ಹೊಳೆಯುವ ಚಿಪ್ಪು. ಅದರ ಅಂಚಿಗೆ ಕಪ್ಪನೆಯ ನಾಲ್ಕು ಚೌಕ. ಆ ನಾಲ್ಕೇ ಮೆಮೊರಿ! ಒಂದೊಂದು ಚೌಕದಿಂದ ಚಿಪ್ಪಿಗೆ ದತ್ತಾಂಶದ 32 ತಂತಿ, ಒಟ್ಟು 128. ಹಳೆಯ ಕಾರ್ಡಿನ ಜಿಡಿಡಿಆರ್5 ಮೆಮೊರಿಯಲ್ಲಿ ಒಂದು ತಂತಿ ಸೆಕೆಂಡಿಗೆ 800 ಕೋಟಿ ಬಿಟ್ ಸಾಗಿಸುತ್ತದೆ; ಹೊಸದರ ಜಿಡಿಡಿಆರ್6ನಲ್ಲಿ 1,200 ಕೋಟಿ. ಗುಣಿಸಿ, ಎಂಟರಿಂದ ಭಾಗಿಸಿ: ಅದರಲ್ಲಿ ಸೆಕೆಂಡಿಗೆ 128 ಜಿಬಿ, ಇದರಲ್ಲಿ 192. ಇದಕ್ಕೇ ಮೆಮೊರಿ ಬ್ಯಾಂಡ್‌ವಿಡ್ತ್ ಎನ್ನುವುದು.

ತರೀಕೆರೆ, ಅಜ್ಜಂಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತರೀಕೆರೆ ತಾಲ್ಲೂಕಿನಲ್ಲಿ ಪಂಪ್ ಮಾಡಿ ಎತ್ತಿದ ನೀರು ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗ ಹಾಯ್ದು ಬಯಲುಸೀಮೆಗೆ ಇಳಿಯುತ್ತದೆ. ಆಚೆಗೆ ಎಷ್ಟು ನೀರು ಬಂತು ಎಂಬುದು ಸುರಂಗದಲ್ಲಿ ನೀರು ತುಂಬಿದ ಅಡ್ಡಕೊಯ್ತದ ವಿಸ್ತೀರ್ಣವನ್ನೂ ಹರಿವಿನ ವೇಗವನ್ನೂ ಗುಣಿಸಿದ ಲೆಕ್ಕ. ಆಚೆ ಕಾದು ಕೂತ ಹೊಲಗಳೇ ಕೋರ್‌ಗಳು.

ಆ ಕೋರ್‌ಗಳ ಹಸಿವು ಎಷ್ಟಿದೆ ಎಂದು ಲೆಕ್ಕ ಹಾಕಿದಾಗ ನನಗೆ ತಲೆ ತಿರುಗಿತು. ಒಂದು ಕ್ಲಾಕ್ ಮಿಡಿತ ಮುಗಿಯುವಷ್ಟರಲ್ಲಿ ಬೆಳಕು ಕೂಡ ಒಂದು ಗೇಣು ದಾಟಿರುವುದಿಲ್ಲ. ಅಷ್ಟರೊಳಗೆ 896 ಕೋರ್‌ಗಳು ತಲಾ ಒಂದು ಗುಣಾಕಾರ, ಒಂದು ಸಂಕಲನ ಮುಗಿಸಿಬಿಡುತ್ತವೆ! ಹಳೆಯ ಕಾರ್ಡಿನಲ್ಲಿ ಇದು ಸೆಕೆಂಡಿಗೆ ಸುಮಾರು 3 ಲಕ್ಷ ಕೋಟಿ ಲೆಕ್ಕವಾಯಿತು. ಮೆಮೊರಿಯಿಂದ ಬರುವುದೋ, ನಾಲ್ಕು ಬೈಟಿನ 3,200 ಕೋಟಿ ಸಂಖ್ಯೆ ಅಷ್ಟೆ. ಅಂದರೆ ತಂದ ಪ್ರತಿ ಸಂಖ್ಯೆಯನ್ನೂ ತೊಂಬತ್ತಕ್ಕಿಂತ ಹೆಚ್ಚು ಲೆಕ್ಕಕ್ಕೆ ಬಳಸಿದರೆ ಮಾತ್ರ ಕೋರ್‌ಗಳಿಗೆ ಪೂರ್ತಿ ಕೆಲಸ. ಇಲ್ಲವಾದರೆ ಕೈಕಟ್ಟಿ ಕೂರಬೇಕು. ಹೊಸ ಕಾರ್ಡಿನಲ್ಲಿ ಅದೇ ಅಂಕಿ 60ರ ಆಸುಪಾಸಿಗೆ ಇಳಿಯುತ್ತದೆ. ಕೂತವನ ಕ್ಲಾಕ್ ಏರಿಸಿದರೆ ಏನಾದೀತು? ಇನ್ನೂ ಬೇಗ ಬೇಗ ಕೂರುತ್ತಾನೆ!

ಜಿಟಿ 1030 ಎಂಬ ಕಾರ್ಡಿನ ಕಥೆಯಂತೂ ನಗು, ಸಿಟ್ಟು ಎರಡನ್ನೂ ತರಿಸುತ್ತದೆ. 2017ರಲ್ಲಿ ಬಂದ ಜಿಡಿಡಿಆರ್5 ಕಾರ್ಡಿನಲ್ಲಿ ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಕಾರ್ಡು ಬಂತು: 16.8! ಕ್ಲಾಕ್ ಇಳಿದದ್ದು ಚೂರೇ ಚೂರು, ಆದರೆ ಅನೇಕ ಆಟಗಳಲ್ಲಿ ಫ್ರೇಮು ಅರ್ಧಕ್ಕೆ ಬಿತ್ತು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು "2 ಜಿಬಿ" ಎಂದು. ಅದು ಎರಡರಲ್ಲೂ ಒಂದೇ.

ಈಗ ಬೆಂಗಳೂರಿಗೆ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೊಂಡ 3.3 ಪೆಟಾಫ್ಲಾಪ್‌ನ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರಿನಲ್ಲಿ ವಿ100 ಕಾರ್ಡುಗಳಿವೆ. ಅವುಗಳ ಕ್ಲಾಕ್ ಕಡೂರಿನ ಆ ಎರಡು ಕಾರ್ಡುಗಳಿಗಿಂತಲೂ ಕಡಿಮೆ ಎಂದರೆ ನಂಬುತ್ತೀರಾ? ಬೂಸ್ಟ್ 1,530 ದಾಟುವುದಿಲ್ಲ. ಮೆಮೊರಿ ತಂತಿಯೂ ನಿಧಾನದ್ದೇ, ಒಂದೊಂದಕ್ಕೆ ಸೆಕೆಂಡಿಗೆ ಸುಮಾರು 175 ಕೋಟಿ ಬಿಟ್. ಆದರೆ ತಂತಿಗಳು ಎಷ್ಟು? 4,096! ಮೆಮೊರಿ ಚಿಪ್ಪುಗಳನ್ನು ಒಂದರ ಮೇಲೊಂದು ಪೇರಿಸಿ, ಮುಖ್ಯ ಚಿಪ್ಪಿನ ಮಗ್ಗುಲಲ್ಲೇ ಒಂದೇ ಸಿಲಿಕಾನ್ ಹಾಸಿನ ಮೇಲೆ ಕೂರಿಸಿದ್ದರಿಂದ ಅಷ್ಟು ತಂತಿ ಎಳೆಯಲು ಸಾಧ್ಯವಾಯಿತು. ಸೆಕೆಂಡಿಗೆ 900 ಜಿಬಿ.

ಹಾಗಾದರೆ ಕ್ಲಾಕ್ ಲೆಕ್ಕಕ್ಕೇ ಇಲ್ಲವೇ ಎಂದುಕೊಳ್ಳುವಷ್ಟರಲ್ಲಿ ಆರ್‌ಟಿಎಕ್ಸ್ 4060 ಎದುರಿಗೆ ನಿಲ್ಲುತ್ತದೆ. ಹಿಂದಿನ 12 ಜಿಬಿಯ 3060ರಲ್ಲಿ ಸೆಕೆಂಡಿಗೆ 360 ಜಿಬಿ ಇದ್ದದ್ದು ಇದರಲ್ಲಿ 272ಕ್ಕೆ ಇಳಿದಿದೆ, ಕೋರ್‌ಗಳೂ ಕಡಿಮೆ. ಆದರೂ 1080ಪಿ ಆಟಗಳಲ್ಲಿ ಹೆಚ್ಚಿನ ಕಡೆ ಇದೇ ಮುಂದು. ಬೂಸ್ಟ್ ಕ್ಲಾಕ್ 1,777ರಿಂದ 2,460ಕ್ಕೆ ಜಿಗಿದಿದೆ. ಚಿಪ್ಪಿನೊಳಗಿನ ಎಲ್2 ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ. ಬೇಕಾದ್ದು ಮನೆಯೊಳಗೇ ಸಿಕ್ಕರೆ ಹೊರಗಿನ ಮೆಮೊರಿಯ ತನಕ ಹೋಗುವುದೇ ಬೇಡ, ಆಗ ಕ್ಲಾಕ್ ಮತ್ತೆ ರಾಜ! ಚಿತ್ರದ ಗಾತ್ರವನ್ನು 4ಕೆಗೆ ಏರಿಸಿ ನೋಡಿ, ಕ್ಯಾಶ್ ಸಾಲದೆ ಬಂದು ಆ ಮೇಲುಗೈ ಕರಗತೊಡಗುತ್ತದೆ.

ಕಾರ್ಡೇ ಇಲ್ಲದ, ರ‍್ಯಾಮನ್ನೇ ಗ್ರಾಫಿಕ್ಸಿನ ಮೆಮೊರಿಯಾಗಿ ಬಳಸುವ ಲ್ಯಾಪ್‌ಟಾಪಿನಲ್ಲೂ ಇದೇ ಆಟ ನಡೆಯುತ್ತದೆ. ಅಜ್ಜಂಪುರದಿಂದ ಬಂದಿದ್ದ ಕಾಲೇಜು ಹುಡುಗನೊಬ್ಬನ ಲ್ಯಾಪ್‌ಟಾಪಿನಲ್ಲಿ ಒಂದೇ ರ‍್ಯಾಮ್ ಇತ್ತು, ಡಿಡಿಆರ್4 3200: ಸೆಕೆಂಡಿಗೆ 25.6 ಜಿಬಿ. ಪಕ್ಕದ ಖಾಲಿ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಒತ್ತಿ ಕೂರಿಸಿದ್ದೇ 51.2 ಆಯಿತು. ಪ್ರೊಸೆಸರಿನೊಳಗಿನ ಗ್ರಾಫಿಕ್ಸು ಅದೇ, ಕ್ಲಾಕೂ ಅದೇ. ತಡವರಿಸುತ್ತಿದ್ದ ಆಟ ಸಲೀಸಾಗಿ ಓಡಿತು. "ಅಣ್ಣ, ಇಷ್ಟೇನಾ?" ಎಂದು ಅವನು ಮತ್ತೆ ಮತ್ತೆ ಕೇಳುತ್ತಿದ್ದ.

ನನ್ನನ್ನು ಪೂರಾ ಬೆಪ್ಪಾಗಿಸಿದ್ದು ಮಾತ್ರ ಕೊನೆಯ ಪ್ರಯೋಗ. 1650 ಕಾರ್ಡಿನ ಮೆಮೊರಿ ವೇಗವನ್ನು ಸಾಫ್ಟ್‌ವೇರಿನಲ್ಲಿ ಸ್ವಲ್ಪ ಸ್ವಲ್ಪವೇ ತಳ್ಳಿದಾಗ ಫ್ರೇಮು ಏರಿತು, ಇನ್ನೂ ಏರಿತು, ಆಮೇಲೆ ಇಳಿಯತೊಡಗಿತು! ಹ್ಯಾಂಗ್ ಇಲ್ಲ, ಪರದೆಯಲ್ಲಿ ಬಣ್ಣದ ಚುಕ್ಕಿಯೂ ಇಲ್ಲ. ಕಾರಣ ಸೊಗಸಾಗಿದೆ: ಈ ಬಗೆಯ ಮೆಮೊರಿಯಲ್ಲಿ ತಂತಿಯ ಮೇಲೆ ಬಿಟ್ ತಪ್ಪಾದರೆ ಅದನ್ನು ಹಿಡಿಯುವ ಏರ್ಪಾಡಿದೆ, ತಪ್ಪಿದ್ದನ್ನು ಕಾರ್ಡು ಇನ್ನೊಮ್ಮೆ ಕಳಿಸುತ್ತದೆ. ವೇಗ ಮಿತಿ ಮೀರಿದಂತೆ ತಪ್ಪು ಹೆಚ್ಚಿ, ಕಳಿಸಿದ್ದನ್ನೇ ಕಳಿಸುವುದರಲ್ಲಿ ಹೊತ್ತು ಹೋಗುತ್ತದೆ. ಹುಡುಗ ಸ್ಲೈಡರನ್ನು ಒಂದಿಷ್ಟು ಹಿಂದಕ್ಕೆ ಎಳೆದ, ಫ್ರೇಮು ಮೇಲಕ್ಕೆ ಬಂತು.