ಮಂಗಳ ಹಾಡದ ಆಟ

ದಸರಾ ರಜೆಯ ಒಂದು ಮಂಗಳವಾರ. ಹುಲಿಗೆಮ್ಮನ ಗುಡಿಗೆ ಬಂದಿದ್ದ ಜನ ಸಂಜೆಯ ಹೊತ್ತಿಗೆ ಮುನಿರಾಬಾದ್ ಸ್ಟೇಷನ್ ಕಡೆ ಹೊರಟಿದ್ದರು. ನಾನು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಂಬತ್ತನೇ ತರಗತಿ ಓದುವ ಮೊಮ್ಮಗ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಅವರಪ್ಪನ ಮೊಬೈಲು.

“ಅಜ್ಜಾ, ಒಂದು ಆಟ ಐತಿ. ಹಾಕ್ಕೊಳ್ಳಲೇನು?”

“ಆಟಕ್ಕ ನನ್ನನ್ಯಾಕ ಕೇಳ್ತಿ? ಆಡು ಹೋಗು.”

“ಹಂಗಲ್ಲಜ್ಜ. ಇದು ಬಾಳ ಟೈಮ್ ತಿಂತೈತಂತ. ಒಮ್ಮೆ ಹಿಡಿದ್ರ ಬಿಡಾಕ ಆಗೂದಿಲ್ಲ ಅಂತಾರ. ಅದಕ್ಕ ಕೇಳಾಕ ಬಂದೆ.”

ಹಿಡಿಯುವ ಮೊದಲೇ ಕೇಳಲು ಬಂದನಲ್ಲ ಎಂದು ಸಂತೋಷವಾಯಿತು. “ಮತ್ತ ಅಂಥಾ ಆಟ ಯಾಕ ಬೇಕು?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಒಂದನೇ ತರಗತಿಯಿಂದ ಅವನ ಜೊತೆಗೇ ಕೂತು ಓದಿದ ಗೆಳೆಯ, ಅಪ್ಪನ ಕೆಲಸಕ್ಕಾಗಿ ಹೋದ ವರ್ಷ ಬೆಂಗಳೂರು ಸೇರಿದ್ದ. ಅವನು ದಿನಾ ರಾತ್ರಿ ಆ ಆಟದಲ್ಲಿ ಇರುತ್ತಾನಂತೆ. “ಅದರಾಗ ಹೋದ್ರ ಅವನು ಸಿಗ್ತಾನಜ್ಜ” ಎಂದ.

ಇನ್ನು ಸುಮ್ಮನೆ ‘ಬೇಡ’ ಎನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು.

ನಾನೂ ಒಬ್ಬ ವೇಷಧಾರಿ

ಹತ್ತನೇ ತರಗತಿಯಲ್ಲಿದ್ದಾಗ ನಾನು ಊರ ದೊಡ್ಡಾಟದಲ್ಲಿ ಅಭಿಮನ್ಯು ಆಗಿದ್ದೆ. ಮೂರು ತಿಂಗಳು ತಾಲೀಮು. ರಾತ್ರಿ ಉಂಡು ಹೋದರೆ ಮಾಸ್ತರರು ಬಿಡುವಾಗ ಹನ್ನೆರಡು ಹೊಡೆದಿರುತ್ತಿತ್ತು. ಶಾಲೆಯಲ್ಲಿ ಕೂತಲ್ಲೇ ತೂಕಡಿಕೆ. ಆ ವರ್ಷ ಗಣಿತದಲ್ಲಿ ಫೇಲಾದೆ. ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು.

ಆದರೆ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟದ ಮೇಲೆ ನಿಂತ ಆ ರಾತ್ರಿ ಇವತ್ತಿಗೂ ನನ್ನ ಹತ್ತಿರ ಇದೆ. ಬೇರೆಯವನೊಬ್ಬನ ಪಾತ್ರದಲ್ಲಿ ನಿಂತಾಗ ಆಗುವ ಖುಷಿ ನನಗೆ ಗೊತ್ತು. ಈ ಹುಚ್ಚು ನಮ್ಮ ಸೀಮೆಗೆ ಹೊಸತಲ್ಲ. ಇದೇ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆ ಆಡಿಸುತ್ತಲೇ ಬಾಳು ಸವೆಸಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದ್ದರಿಂದ ಮೊಮ್ಮಗನಿಗೆ ಹೇಳಿದೆ: “ಮೊದಲು ಆ ಆಟ ಏನಂತ ನನಗ ತಿಳಿಸು. ಆಮ್ಯಾಲ ಇಬ್ರೂ ಕೂಡಿ ವಿಚಾರ ಮಾಡೂಣು.”

ಇದೆಂಥ ಆಟ?

ಅಜ್ಜ-ಅಜ್ಜಿಯರಿಗಾಗಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ‘ತಾವು ಯಾರು, ಎಲ್ಲಿಂದ ಬಂದಿರಿ’ ಎಂದು ಕೇಳುತ್ತಾನಲ್ಲ? ಇಲ್ಲಿಯೂ ಮೊದಲು ಅದೇ. ಹೆಸರು ಇಡಬೇಕು, ವೇಷ ಆರಿಸಬೇಕು, ಯೋಧನೋ ವೈದ್ಯನೋ ಮಾಂತ್ರಿಕನೋ ಹೇಳಬೇಕು. ಆಮೇಲೆ ಒಂದು ದೊಡ್ಡ ಕಾಲ್ಪನಿಕ ಲೋಕಕ್ಕೆ ಇಳಿಯಬೇಕು. ಅಲ್ಲಿ ಎದುರಾಗುವ ಎಷ್ಟೋ ಪಾತ್ರಗಳ ಹಿಂದೆ ಎಲ್ಲೋ ಕೂತು ಆಡುತ್ತಿರುವ ನಿಜವಾದ ಮನುಷ್ಯರಿರುತ್ತಾರೆ.

ಇದರ ಮೂಲ ಹಳೆಯದೇ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಇಂಥ ಒಂದು ಆಟ ಶುರುಮಾಡಿದ. ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಆಗ ಚಿತ್ರವಿರಲಿಲ್ಲ, ಪರದೆಯ ಮೇಲೆ ಬರೀ ಅಕ್ಷರಗಳು. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟ ಇಪ್ಪತ್ತು ವರ್ಷ ದಾಟಿದರೂ ಇನ್ನೂ ನಡೆಯುತ್ತಿದೆ.

ಅಲ್ಲೇ ನನಗೆ ವ್ಯತ್ಯಾಸ ಕಂಡಿತು. ನಮ್ಮ ದೊಡ್ಡಾಟ ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡಿ ಮುಗಿಯುತ್ತದೆ. ಬಣ್ಣ ತೊಳೆದುಕೊಂಡು ಎಲ್ಲರೂ ಹೊಲಕ್ಕೆ, ಶಾಲೆಗೆ ಹೋಗಲೇಬೇಕು. ಈ ಆಟಕ್ಕೆ ಮಂಗಳ ಹಾಡುವವರೇ ಇಲ್ಲ.

ಮೆಟ್ಟಿಲಿನ ಲೆಕ್ಕ

ಮಕ್ಕಳೇ, ಒಂದು ಸಣ್ಣ ಗಣಿತ ನೋಡಿ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಎಂಬ ಆಟದಲ್ಲಿ ಮರ ಕಡಿಯುವುದು, ಮೀನು ಹಿಡಿಯುವುದು, ಹೀಗೆ ಹಲವು ಕೌಶಲಗಳಿವೆ. ಒಂದೊಂದಕ್ಕೂ 99 ಮೆಟ್ಟಿಲು. ತುದಿ ಮುಟ್ಟಲು 1,30,34,431 ಅಂಕ ಬೇಕು. 92ನೇ ಮೆಟ್ಟಿಲಿಗೆ ಬಂದವನ ಅಂಕ 65,17,253. ಈಗ ಹೇಳಿ, ಅವನು ಎಷ್ಟು ದಾರಿ ನಡೆದಿದ್ದಾನೆ?

ಅರ್ಧ ಮಾತ್ರ! ಮುಂದಿನ ಏಳೇ ಮೆಟ್ಟಿಲಿಗೆ ಇನ್ನೂ ಅಷ್ಟೇ ದುಡಿಯಬೇಕು. ಮೊದಲ ಮೆಟ್ಟಿಲುಗಳು ಕೆಲವೇ ನಿಮಿಷಕ್ಕೆ ಮುಗಿಯುತ್ತವೆ. ಮೇಲೆ ಹೋದಂತೆ ಒಂದೊಂದಕ್ಕೂ ದಿನಗಟ್ಟಲೆ ಬೇಕು. ಅಷ್ಟರಲ್ಲಿ ‘ಇಷ್ಟು ಮಾಡಿದ್ದೇನೆ, ಈಗ ಹೇಗೆ ಬಿಡಲಿ’ ಎಂಬ ಆಸೆ ಕಾಲು ಹಿಡಿದಿರುತ್ತದೆ.

ಇನ್ನೂ ಮೂರು ಸಂಗತಿಗಳಿವೆ. ಒಂದು, ಹಲವು ಆಟಗಳಲ್ಲಿ ದಿನಾ ಬಂದವರಿಗೆ ದಿನದ ಬಹುಮಾನ. ಒಂದು ದಿನ ತಪ್ಪಿದರೆ ಏನೋ ಕಳೆದುಕೊಂಡ ಹಾಗೆ ಅನಿಸುತ್ತದೆ. ಎರಡು, ಗುಂಪಿನ ಹಂಗು. ‘ನೀನು ಬರದಿದ್ದರೆ ನಾವು ಸೋಲ್ತೀವಿ’ ಎಂದರೆ ಯಾರಿಗೆ ಬಿಡಲು ಮನಸ್ಸಾದೀತು? ಮೂರು, ಅಜ್ಜಿಯರು ಇದನ್ನು ತಿಳಿಯಲೇಬೇಕು, ಆ ಲೋಕ ನಿಲ್ಲುವುದಿಲ್ಲ. ಬೇರೆಯವರೂ ಆಡುತ್ತಿರುವುದರಿಂದ ನಡುವೆ ತಡೆದು ನಿಲ್ಲಿಸುವ ಗುಂಡಿ ಕೆಲಸ ಮಾಡದು. ‘ಉಣ್ಣಾಕ ಬಾರೋ’ ಎಂದು ಮೂರು ಸಲ ಕೂಗಿದರೂ ಹುಡುಗ ಏಳದಿದ್ದರೆ, ಅದು ಪೂರ್ತಿ ಸೊಕ್ಕಲ್ಲ. ಎದ್ದರೆ ಅವನ ಜೊತೆಗಾರರು ನಡುನೀರಿನಲ್ಲಿ ಉಳಿಯುತ್ತಾರೆ. ಅದಕ್ಕೇ ಯಾವ ಹೊತ್ತಿಗೆ ಆಡಬೇಕು ಎನ್ನುವುದು ಮೊದಲೇ ಗೊತ್ತಾಗಿರಬೇಕು.

ಇನ್ನೊಂದು ಮಗ್ಗುಲು

ಇಷ್ಟು ಕೇಳಿ ‘ಹಾಳು ಆಟ’ ಎಂದುಬಿಡುವ ಮುನ್ನ ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ಯುವಕನ ಕಥೆ ಕೇಳಿ. ಸ್ನಾಯುಗಳು ಸೋಲುತ್ತ ಹೋಗುವ ಕಾಯಿಲೆ ಅವನಿಗೆ ಹುಟ್ಟಿನಿಂದಲೇ ಇತ್ತು. ಗಾಲಿಕುರ್ಚಿಯಲ್ಲಿ ಕೂತು, ಬೆರಳುಗಳ ಬಲದಿಂದಲೇ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಿದ್ದ. ಮಗನಿಗೆ ಗೆಳೆಯರೇ ಇಲ್ಲ, ಒಂಟಿಯಾಗಿ ಬದುಕಿದ ಎಂದು ತಂದೆ-ತಾಯಿ ಮರುಗುತ್ತಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನು ಬರೆಯುತ್ತಿದ್ದ ಬ್ಲಾಗಿನಲ್ಲಿ ತಂದೆ ಸಾವಿನ ಸುದ್ದಿ ಹಾಕಿದರು. ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ‘ನನ್ನ ಕಷ್ಟಕಾಲದಲ್ಲಿ ಧೈರ್ಯ ಹೇಳಿದ್ದು ನಿಮ್ಮ ಮಗ’ ಎಂಬಂಥ ಮಾತುಗಳು. ಕೆಲವರು ಅಂತ್ಯಸಂಸ್ಕಾರಕ್ಕೂ ಬಂದರು. ಮುಖವನ್ನೇ ನೋಡಿರದ ಗೆಳೆಯರು!

ಹಾಗಾಗಿ ಆಟದಲ್ಲಿ ಸಿಗುವ ಗೆಳೆತನ ಸುಳ್ಳಲ್ಲ. ಮೊಮ್ಮಗನ ಆಸೆಯೂ ಸುಳ್ಳಲ್ಲ. ಆದರೆ ಮಾಟ್ಸ್‌ನಿಗೆ ಹೊರಗಿನ ದಾರಿಗಳು ಮುಚ್ಚಿದ್ದವು. ನಮ್ಮ ಹುಡುಗನಿಗೆ ಹೊಳೆಯ ದಂಡೆಯ ಬಯಲು, ಕ್ರಿಕೆಟ್ಟು, ಶಾಲೆ ಎಲ್ಲವೂ ತೆರೆದಿವೆ. ಅವು ಮುಚ್ಚಬಾರದು, ಅಷ್ಟೇ.

ಕ್ಯಾಲೆಂಡರಿನ ಬೆನ್ನ ಮೇಲೆ

ಮರುದಿನ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಇಬ್ಬರೂ ಅವನ ದಿನದ ಲೆಕ್ಕ ಬರೆದೆವು. ನಿದ್ದೆ 9 ತಾಸು. ಶಾಲೆ ಮತ್ತು ಹೋಗಿಬರುವುದು 8. ಓದು, ಮನೆಪಾಠ 3. ಸ್ನಾನ, ಊಟ, ತಿಂಡಿ 2. ಒಟ್ಟು 22. ಉಳಿದದ್ದು 2 ತಾಸು. ಆಟ, ಟಿವಿ, ಅಜ್ಜಿಗೆ ಅಂಗಡಿಯಿಂದ ಸಾಮಾನು ತರುವುದು ಎಲ್ಲ ಅದರಲ್ಲೇ.

“ನಿನ್ನ ಗೆಳೆಯ ದಿನಕ್ಕ ಎಷ್ಟು ಆಡ್ತಾನ?”

“ಎರಡು ತಾಸು.”

365ರಿಂದ ಗುಣಿಸಲು ಹೇಳಿದೆ. 730 ತಾಸು ಬಂತು. 24ರಿಂದ ಭಾಗಿಸಿದ. ಮೂವತ್ತು ದಿನ. “ಅಜ್ಜಾ, ಹಗಲೂ ರಾತ್ರಿ ಕೂಡಿ ಒಂದು ತಿಂಗಳು!” ಎಂದು ಅವನೇ ಕಣ್ಣು ಅಗಲಿಸಿದ. ನಾನು ಏನೂ ಹೇಳಲಿಲ್ಲ. ಗಣಿತದಲ್ಲಿ ಫೇಲಾದ ಅಜ್ಜನ ಮಾತಿಗಿಂತ ಆ ಗುಣಾಕಾರವೇ ಚೆನ್ನಾಗಿ ಹೇಳಿತ್ತು.

ಸಂಜೆ ಗೆಳೆಯನಿಗೆ ಫೋನ್ ಮಾಡಿದ. ಶನಿವಾರ, ಭಾನುವಾರ ಸಂಜೆ ಆರರಿಂದ ಏಳು, ಅಷ್ಟೇ ಬರುತ್ತೇನೆ ಎಂದ. “ದಿನಾ ಬರದಿದ್ರ ನೀ ಹಿಂದ ಬೀಳ್ತೀಯಲೇ” ಎಂದು ಆ ಕಡೆಯಿಂದ ದನಿ. ಇವನ ಮುಖ ಸಣ್ಣದಾಯಿತು. ಸ್ವಲ್ಪ ತಡೆದು ಆ ಹುಡುಗನೇ ಹೇಳಿದ: “ಇರ್ಲಿ ಬಾ, ನಿನಗಾಗಿ ನಾ ನಿಲ್ತೀನಿ.”

ಒಂದು ತಿಂಗಳು ಪರೀಕ್ಷೆಗೆ ಎಂದು ಆಟ ಹಾಕಿಕೊಂಡೆವು. ಎರಡು ಸಲ ಏಳಕ್ಕೆ ಮುಗಿಯದೆ ಏಳೂಕಾಲು ಆಗಿದೆ. ಒಂದು ಭಾನುವಾರ ಇಬ್ಬರೂ ಆಟ ಬಿಟ್ಟು ಬರೀ ಮಾತಾಡಿದರು. ಈಗ ಅಜ್ಜಿ ದೇವರ ಮುಂದೆ ದೀಪ ಹಚ್ಚಿದರೆ ಆಟಕ್ಕೆ ಮಂಗಳ.

ಹಿಡಿಯುವ ಮೊದಲು ಕೇಳಿಕೊಳ್ಳಿ

1. ಈ ಆಟ ಯಾಕೆ ಬೇಕು? ಗೆಳೆಯನಿಗಾಗಿಯೋ, ಬೇಸರಕ್ಕೋ, ಎಲ್ಲರೂ ಆಡುತ್ತಾರೆಂದೋ?

2. ಆ ಸಮಯ ಎಲ್ಲಿಂದ ಬರುತ್ತದೆ? ನಿದ್ದೆಯಿಂದ ಕದಿಯುವುದಾದರೆ ಬೇಡವೇ ಬೇಡ.

3. ನನ್ನ ವಯಸ್ಸಿಗೆ ಸರಿಯೇ? ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಹತ್ತಿರ 7+, 12+, 16+ ಎಂದು ಬರೆದಿರುತ್ತದೆ.

4. ಹಣ ಕೇಳುತ್ತದೆಯೇ? ‘ಉಚಿತ’ ಎಂದ ಆಟದೊಳಗೂ ವೇಷಕ್ಕೆ, ಆಯುಧಕ್ಕೆ, ಏನು ಬರುತ್ತದೋ ಗೊತ್ತಿಲ್ಲದ ಪೆಟ್ಟಿಗೆಗೆ ಬೆಲೆ ಇರಬಹುದು. ಮೊಬೈಲಿನ ಖರೀದಿಗೆ ದೊಡ್ಡವರ ಪಾಸ್‌ವರ್ಡ್ ಇರಲಿ. ಹಣ ಪಣಕ್ಕಿಟ್ಟು ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ.

5. ಅಪರಿಚಿತರು ಮಾತಾಡಿಸಿದರೆ? ನಿಜವಾದ ಹೆಸರು, ಶಾಲೆ, ಫೋಟೊ, ಓಟಿಪಿ ಯಾರಿಗೂ ಕೊಡಬಾರದು. ಹಣ ಹೋದರೆ 1930ಕ್ಕೆ, ಯಾರಾದರೂ ಹೆದರಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಈಗಾಗಲೇ ಹಿಡಿದವರಿಗೆ

ಸುಮ್ಮನೆ ಹೆಚ್ಚು ಆಡಿದರೆಲ್ಲ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ‘ಆಟದ ವ್ಯಸನ’ಕ್ಕೆ ಮೂರು ಗುರುತು ಹೇಳಿದೆ. ಆಟ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಇದು ಒಂದು ವರ್ಷದಷ್ಟು ಕಾಲ ನಡೆದಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ‘ಶಟ್’ ಎಂಬ ಕ್ಲಿನಿಕ್ ಇದೆ. ಮನೆಯಿಂದಲೇ ಸಲಹೆ ಕೇಳಲು ಟೆಲಿ ಮಾನಸ್ ಸಂಖ್ಯೆ 14416.

ನಮ್ಮೂರಿನವರಿಗೆ ಒಂದು ಮಾತು ನೆನಪಿದ್ದೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕಣ್ಣೆದುರೇ ನೀರು ಪೋಲಾಯಿತು. ಆದರೂ ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ ತಡೆ ಇಳಿಸಿ ನಿಲ್ಲಿಸಿದರು. ಆಟ ಹಿಡಿದು ಸಮಯ ಹರಿದುಹೋಗುತ್ತಿದ್ದರೂ ಗೇಟು ಕೂಡಿಸಲು ಬರುತ್ತದೆ. ಕಷ್ಟ, ಆದರೆ ಆಗುತ್ತದೆ. ಒಬ್ಬರಿಂದ ಆಗದು, ಮನೆಯವರೆಲ್ಲ ಹಿಡಿಯಬೇಕು.

ಇನ್ನೂ ಹಿಡಿಯದವರು ಮೊದಲು ಗೇಟು ಕೂಡಿಸಿಕೊಳ್ಳಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಇವತ್ತೇ ಒಂದು ಹಾಳೆ ಹಿಡಿದು ಕೂತು 24 ತಾಸಿನ ಲೆಕ್ಕ ಬರೆಯಿರಿ. ಕೊನೆಯ ಸಾಲಿನಲ್ಲಿ ಇದನ್ನೂ ಬರೆಯಿರಿ: ನಮ್ಮ ಮನೆಯ ಆಟಕ್ಕೆ ಮಂಗಳ ಎಷ್ಟು ಹೊತ್ತಿಗೆ?